ಸೆರೆಯಿಂದ ಬಂದವರಿಗೆ ನೆಲೆಯಾದ ಉಮಾಬಾಯಿ

ಸೆರೆಯಲ್ಲಿರುವವರನ್ನು ಸಂದರ್ಶಿಸುವುದು ದಯಾಕಾರ್ಯವೆಂದು ಧರ್ಮಸಭೆ ಬೋಧಿಸುತ್ತದೆ. ಸೆರೆಯಿಂದ ಹೊರಬಂದ ಸ್ತ್ರೀಯ ಗತಿಯೇನೆಂಬುದನ್ನು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಧರ್ಮಕೇಂದ್ರಗಳಲ್ಲಿ ನಾವು ಅಷ್ಟಾಗಿ ಚಿಂತಿಸಿಲ್ಲ.

1892ರಲ್ಲಿ ಮಂಗಳೂರಿನಲ್ಲಿ ಜನಿಸಿದ ಉಮಾಬಾಯಿ ಕುಂದಾಪುರ ಅವರು ಕ್ರೈಸ್ತರಲ್ಲ. ಆದರೂ ಆ ಚಿಂತೆಯನ್ನು ತಮ್ಮದಾಗಿಸಿಕೊಂಡರು. ಎಳವೆಯಲ್ಲೇ ವಿವಾಹವಾದ ಸೊಸೆಯನ್ನು ಮಾವ ಆನಂದರಾಯರು ಮೆಟ್ರಿಕ್‌ವರೆಗೆ ಓದಿಸಿದರು. ಪತಿವಿಯೋಗದ ಬಳಿಕ ಆಕೆ ಹುಬ್ಬಳ್ಳಿಯ ತಿಲಕ ಕನ್ಯಾಶಾಲೆಯ ಹೊಣೆ ಹೊತ್ತರು. 1932ರಲ್ಲಿ ಸ್ವಾತಂತ್ರ್ಯ ಚಳವಳಿಗಾಗಿ ನಾಲ್ಕು ತಿಂಗಳ ಯರವಡಾ ಸೆರೆವಾಸ. ಅವರು ಒಳಗಿರುವಾಗಲೇ, ತಂದೆಯಂತಿದ್ದ ಮಾವ ತೀರಿಕೊಂಡರು. ಶಾಲೆಗೆ ಸರಕಾರದ ಬೀಗಮುದ್ರೆ ಬಿತ್ತು, ಮುದ್ರಣಾಲಯವೂ ಜಪ್ತಿಯಾಯಿತು. ಇಷ್ಟಾದ ಮೇಲೂ, ಬಿಡುಗಡೆಯಾಗಿ ಊರಿಗೆ ಹೋಗಲು ಕಾಸಿಲ್ಲದ ಸತ್ಯಾಗ್ರಹಿ ಸ್ತ್ರೀಯರಿಗೆ ಅವರ ಪುಟ್ಟ ಮನೆಯಲ್ಲಿ ಅನ್ನ, ಆಸರೆ ದೊರೆತವು.

1946ರಲ್ಲಿ ಗಾಂಧೀಜಿ ಕಸ್ತೂರಬಾ ಟ್ರಸ್ಟಿನ ಕರ್ನಾಟಕ ಶಾಖೆಯನ್ನು ಅವರಿಗೊಪ್ಪಿಸಿದರು. ಗ್ರಾಮಸೇವಿಕೆಯರ ತರಬೇತಿಗೆ ಹಣ ಸಾಲದಾದಾಗ ಉಮಾಬಾಯಿ ಮನೆಮನೆಗೆ ಹೋಗಿ ಬೇಡಿದರು.