ಧೋಂಡಿಯ ವಾಘ

ಶಿಕಾರಿಪುರವೆಂದೊಡನೆ ಕನ್ನಡಿಗರಿಗೆ ಅಲ್ಲಮಪ್ರಭುವೂ ಅಕ್ಕಮಹಾದೇವಿಯೂ ನೆನಪಿಗೆ ಬರುವುದು ಸಹಜ. ಅದೇ ಊರಿನ ಹೊಳೆಯ ದಡದಲ್ಲಿ 1799ನೆಯ ಇಸವಿಯ ಮಳೆಗಾಲದಲ್ಲಿ ನಡೆದ ಕಾಳಗವನ್ನು ನೆನೆಯುವವರು ವಿರಳ. ಆ ಕಾಳಗದಲ್ಲಿ ಸೋತವನಾದ ಧೋಂಡಿಯ ವಾಘನನ್ನು ಕಂಪೆನಿಯ ಪಕ್ಷದ ಬರೆಹಗಾರರು ದರೋಡೆಕೋರನೆಂದು ಬರೆದಿಟ್ಟರು. ಈಚಿನವರಲ್ಲಿ ಕೆಲವರು ಸ್ವಾತಂತ್ರ್ಯವೀರನೆಂದು ಕೊಂಡಾಡುತ್ತಾರೆ. ಈ ಎರಡು ಬಿರುದುಗಳಲ್ಲಿ ಯಾವುದನ್ನೂ ಒಮ್ಮೆಗೇ ಒಪ್ಪದೆ ಅವನ ಚರಿತ್ರೆಯನ್ನು ವಾಚಕರ ಮುಂದಿಡಬೇಕೆಂಬುದು ನಮ್ಮ ಇಚ್ಛೆ.

ಅವನು ಹುಟ್ಟಿದುದು ಚನ್ನಗಿರಿಯಲ್ಲಿ, ಪವಾರ ಮನೆತನದ ಮರಾಠ ಕುಟುಂಬದಲ್ಲಿ. ಹೈದರಾಲಿಯ ಕಾಲದಲ್ಲಿ ಮೈಸೂರಿನ ಕುದುರೆ ದಂಡನ್ನು ಸೇರಿದನು. ಮೂರನೆಯ ಮೈಸೂರು ಯುದ್ಧದ ಸಮಯದಲ್ಲಿ ಸಿಕ್ಕಿದ ಕೊಳ್ಳೆಯೊಡನೆ ದಂಡನ್ನು ಬಿಟ್ಟು ಲಕ್ಷ್ಮೇಶ್ವರದ ಕಡೆಗೆ ಓಡಿ, ಹಾವೇರಿ ಸವಣೂರುಗಳ ಸೀಮೆಯನ್ನು ಸುಲಿದನು. ಮರಾಠರ ಸರದಾರನಾದ ಧೋಂಡೋಪಂತ ಗೋಖಲೆಯು ಅವನನ್ನು ಅಲ್ಲಿಂದ ಅಟ್ಟಿದುದರಿಂದ 1794ರಲ್ಲಿ ಸುಮಾರು 200 ಮಂದಿ ರಾವುತರೊಡನೆ ಮರಳಿ ಟೀಪುವಿನ ಆಶ್ರಯಕ್ಕೆ ಬಂದನು. ಆ ಆಶ್ರಯವು ಬಹುಕಾಲ ನಿಲ್ಲಲಿಲ್ಲ. ಸುಲ್ತಾನನು ಅವನನ್ನು ಶ್ರೀರಂಗಪಟ್ಟಣದ ಸೆರೆಗೆ ತಳ್ಳಿದನು. ಇಲ್ಲಿಯವರೆಗಿನ ಚರಿತ್ರೆಯಲ್ಲಿ ಹೊಗಳತಕ್ಕುದೇನೂ ನಮಗೆ ಕಾಣದು. ಇಂಥ ಕೂಲಿಯ ರಾವುತರು ಆ ಕಾಲದಲ್ಲಿ ಎಲ್ಲ ಸೀಮೆಗಳಲ್ಲಿಯೂ ಇದ್ದರು.

ಅವನನ್ನು ಬೇರೆಯ ಮನುಷ್ಯನನ್ನಾಗಿ ಮಾಡಿದುದು 1799ರ ಮೇ ತಿಂಗಳು. ಏಪ್ರಿಲಿನಲ್ಲಿ ಜನರಲ್ ಹ್ಯಾರಿಸನ ದಂಡು ಶ್ರೀರಂಗಪಟ್ಟಣವನ್ನು ಮುತ್ತಿದ್ದಿತು. ತಿಂಗಳ ಕೊನೆಯ ದಿನದಿಂದ ಪಡುವಣ ಮೂಲೆಯ ಗೋಡೆಯ ಮೇಲೆ ದೊಡ್ಡ ಫಿರಂಗಿಗಳ ಹೊಡೆತವು ಎಡೆಬಿಡದೆ ನಡೆಯಿತು. ಮೇ 2ರಂದು ಕೋಟೆಯೊಳಗಿನ ಬಾಣಗಳ ಉಗ್ರಾಣಕ್ಕೆ ಬೆಂಕಿ ತಗುಲಿ ಭಯಂಕರವಾಗಿ ಸಿಡಿಯಿತು. ಮೇ 4ರ ಮಧ್ಯಾಹ್ನ, ಬೇಸಗೆಯಲ್ಲಿ ಬತ್ತಿದ್ದ ಕಾವೇರಿಯನ್ನು ದಾಟಿ, ಬಿರುಕುಬಿಟ್ಟ ಗೋಡೆಯನ್ನು ಹತ್ತಿ ಆಂಗ್ಲರು ಒಳನುಗ್ಗಿದರು. ಮುಂದಾಳಾಗಿದ್ದ ಬೇರ್ಡನು ಅದೇ ಪಟ್ಟಣದಲ್ಲಿ ಹಿಂದೆ ಸೆರೆಯಲ್ಲಿದ್ದವನೆಂಬುದನ್ನು ಬಲ್ಲವರು ಬಲ್ಲರು. ಅಂದಿನ ಇನ್ನೊಬ್ಬ ಸೆರೆಯಾಳು, ಸಂಕಲೆಯಲ್ಲಿದ್ದ ಧೋಂಡಿಯನು, ಆ ಗಲಭೆಯಲ್ಲಿ ಬಿಡುಗಡೆ ಹೊಂದಿದನು.

ಅವನು ಹೊರಬಂದುದು ಎಂಥ ಪಟ್ಟಣಕ್ಕೆ! ಸುಲ್ತಾನನು ನೀರುಬಾಗಿಲಿನ ಬಳಿ ಹೆಣಗಳ ರಾಶಿಯ ನಡುವೆ ಬಿದ್ದಿದ್ದನು. ಸತ್ತವರು ಸಾವಿರಾರು ಮಂದಿ. ಆ ರಾತ್ರಿ ಗೆದ್ದವರ ಸಿಪಾಯಿಗಳು ಪಟ್ಟಣವನ್ನೆಲ್ಲ ಸೂರೆಗೊಂಡರು. ಸುಲಿಗೆಯಾಗದೆ ಉಳಿದ ಮನೆ ಅಪರೂಪವಾಯಿತು. ಮರುದಿನ ಪಟ್ಟಣದ ಆಡಳಿತವನ್ನು ವಹಿಸಿಕೊಂಡ ಕರ್ನಲ್ ಆರ್ಥರ್ ವೆಲ್ಲೆಸ್ಲಿಯು ತನ್ನ ಕಡೆಯ ನಾಲ್ವರನ್ನೇ ಗಲ್ಲಿಗೇರಿಸಿ, ಹಲವರಿಗೆ ಚಾವಟಿಯ ಏಟು ಕೊಡಿಸಿ ಶಾಂತಿಯನ್ನು ನೆಲೆಗೊಳಿಸಬೇಕಾಯಿತು. ಅನಂತರ ಅರಮನೆಯ ಭಂಡಾರವು ಕ್ರಮವಾಗಿ ಲೆಕ್ಕ ಹಾಕಲ್ಪಟ್ಟಿತು. ಹುಲಿಯ ಸಿಂಹಾಸನವು ತುಂಡುತುಂಡಾಗಿ ಒಡೆಯಲ್ಪಟ್ಟಿತು. ದಂಡಿನವರೆಲ್ಲರಿಗೂ ದರ್ಜೆಗೆ ತಕ್ಕಂತೆ ಪಾಲು ಸಂದಿತು. ವೆಲ್ಲೆಸ್ಲಿಯ ಪಾಲಿಗೆ ಬಂದುದು ಸುಮಾರು 4,000 ಪೌಂಡು. ಅದಕ್ಕೆ ಅವರಿಟ್ಟ ಹೆಸರು ಬಹುಮಾನದ ಹಣ. ಕೆಲವೇ ವಾರಗಳಲ್ಲಿ ಧೋಂಡಿಯನು ಬಿದನೂರಿನಲ್ಲಿ ಮಾಡಿದುದಕ್ಕೆ ಅದೇ ಜನರಿಟ್ಟ ಹೆಸರು ದರೋಡೆ. ಈ ಭೇದದ ನ್ಯಾಯವನ್ನು ನಾವು ಇಂದಿಗೂ ಅರಿಯಲಾರೆವು.

ಟೀಪುವಿನ ದಂಡು ಚದರಿಹೋಗಿತ್ತು. ಕತ್ತಿಯಲ್ಲದೆ ಬೇರೆ ಕಸುಬನ್ನು ಅರಿಯದ ರಾವುತರು ಅನ್ನವಿಲ್ಲದೆ ಹಾದಿಬೀದಿಗಳಲ್ಲಿ ನಿಂತರು. ಪಟ್ಟಣದ ಆ ಹಾಳನ್ನು ಕಂಡು ಬಂದ ಇವರೇ ಧೋಂಡಿಯನ ಬಲವಾದರು. ಬಿದನೂರು, ಶಿವಮೊಗ್ಗ, ಶಿಕಾರಿಪುರ ಮೊದಲಾದ ಕೋಟೆಗಳು ಬೇಗನೆ ಅವನ ಕೈಸೇರಿದುವು. ಆದರೆ ಸಾವಿರಗಟ್ಟಲೆ ಕುದುರೆಗಳಿಗೆ ಹುರುಳಿ, ಆಳುಗಳಿಗೆ ಅಕ್ಕಿ ಎಲ್ಲಿಂದ ಬರಬೇಕು? ಹಿಂದಿನ ಸರ್ಕಾರಕ್ಕೆ ತೆತ್ತು ಬರಿದಾಗಿದ್ದ ಮಲೆನಾಡಿನ ರೈತನ ಮನೆಯಿಂದಲೇ ಬಂದಿತು. ಅವನ ವಸೂಲಿಯು ಕ್ರೂರವಾಗಿದ್ದಿತು. ಅವನನ್ನು ಕೊಂಡಾಡುವವರು ಈ ಮಾತನ್ನು ಮರೆಮಾಡಬಾರದು.

ಶಿಕಾರಿಪುರ ಸೊರಬಗಳ ಸೀಮೆಯು ಅವನಿಗೆ ಏಕೆ ಅನುಕೂಲವಾಯಿತೆಂಬುದನ್ನು ಭೂಪಟವೇ ಹೇಳುತ್ತದೆ. ಇವೆರಡು ತಾಲ್ಲೂಕುಗಳ ಬಡಗಣ ಎಲ್ಲೆಯನ್ನು ದಾಟಿದರೆ ಹಿರೇಕೆರೂರು, ಹಾನಗಲ್ಲುಗಳ ನಾಡು. ಅದು ಆಗ ಮರಾಠರದು. ಶಿಕಾರಿಪುರದಿಂದ ಅಲ್ಲಿಗೆ ಒಳ್ಳೆಯ ಕುದುರೆಗೆ ಒಂದು ದಿನದ ಹಾದಿ. ಪೇಶ್ವೆಯ ಅಪ್ಪಣೆಯಿಲ್ಲದೆ ಕಂಪೆನಿಯ ದಂಡು ಆ ಎಲ್ಲೆಯನ್ನು ಮೀರುವಂತಿರಲಿಲ್ಲ.

ಜುಲೈ ಕಳೆಯುತ್ತಲೆ ಕರ್ನಲ್ ಸ್ಟೀವನ್‌ಸನ್ ಮತ್ತು ಕರ್ನಲ್ ಡಾಲ್‌ರಿಂಪಲ್ ಎಂಬವರ ಪಡೆಗಳು ಎರಡು ಕಡೆಗಳಿಂದ ಏರಿಬಂದುವು. ಹೊಳೆಹೊನ್ನೂರು ಬಿದ್ದಿತು, ಶಿವಮೊಗ್ಗ ಬಿದ್ದಿತು. ಆಗಸ್ಟಿನಲ್ಲಿ ಡಾಲ್‌ರಿಂಪಲನು ಶಿಕಾರಿಪುರದ ಬಳಿ ಧೋಂಡಿಯನ ಪಾಳೆಯದ ಮೇಲೆ ಬಿದ್ದನು. ಮಳೆಗಾಲದ ಹೊಳೆಯು ಬೆನ್ನ ಹಿಂದೆ, ಶತ್ರುವು ಮುಂದೆ. ಕುದುರೆ ದಂಡು ನೀರಿಗೆ ಅಟ್ಟಲ್ಪಟ್ಟು ಬಹುಮಂದಿ ನಾಶವಾದರು. ಕೋಟೆಯೂ ಕೂಡಲೆ ಶತ್ರುವಶವಾಯಿತು. ಶ್ರೀರಂಗಪಟ್ಟಣದಿಂದ ಜೀವದೊಡನೆ ತಪ್ಪಿಸಿಕೊಂಡು ಬಂದಿದ್ದ ಎಷ್ಟು ಮಂದಿ ಕುಮುದ್ವತಿಯಲ್ಲಿ ತೇಲಿಹೋದರೋ! ನಾಯಕನು ಮಾತ್ರ ಹೊಳೆದಾಟಿ ಮರಾಠರ ನಾಡನ್ನು ಸೇರಿದನು. ಅಲ್ಲಿಯೂ ಹಳೆಯ ಹಗೆಯಾದ ಗೋಖಲೆಯು ಆಗಸ್ಟ್ 20ರಂದು ಅವನ ಪಾಳೆಯವನ್ನು ಸೂರೆಮಾಡಿದನು.

ಇಷ್ಟಕ್ಕೆ ಮುಗಿಯಬೇಕಾಗಿದ್ದ ಚರಿತ್ರೆಯು ಮುಗಿಯಲಿಲ್ಲ. ಮರುವರ್ಷ ಅವನು ಉಭಯಲೋಕಾಧೀಶ್ವರನೆಂಬ ಬಿರುದನ್ನು ಧರಿಸಿ ಮೊದಲಿಗಿಂತ ದೊಡ್ಡ ದಂಡಿನೊಡನೆ ಎದ್ದನು. ಬಿರುದನ್ನು ಕೇಳಿ ನಗುವವರು ನಗಬಹುದು. ಆದರೆ ಅವನನ್ನು ಹಿಡಿಯುವ ಸಲುವಾಗಿ ವೆಲ್ಲೆಸ್ಲಿಯು ಬಟೇವಿಯಾದ ದಂಡಯಾತ್ರೆಯ ನಾಯಕತ್ವವನ್ನೇ ಬಿಟ್ಟುಕೊಟ್ಟನು. ಈ ಸಲ ಮರಾಠರ ಎಲ್ಲೆಯನ್ನು ದಾಟಲು ಅಪ್ಪಣೆಯೂ ದೊರೆತಿತ್ತು. 1800ರ ಜೂನ್ 30ರಂದು ಧೋಂಡಿಯನು ಗೋಖಲೆಯನ್ನು ಕೊಂದು ಹಗೆ ತೀರಿಸಿಕೊಂಡನು. ಜುಲೈ 26ರಂದು ಡಂಬಳ ಬಿದ್ದಿತು. 30ರಂದು ಮಲಪ್ರಭೆಯ ದಡದ ಮನೋಳಿಯಲ್ಲಿ ಅವನ ಪಾಳೆಯವು ನಾಶವಾಗಿ, ಶಿಕಾರಿಪುರದಲ್ಲಿ ಆದಂತೆಯೇ ಅನೇಕರು ಹೊಳೆಯ ಪಾಲಾದರು. ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋಣಗಲ್ಲಿನಲ್ಲಿ ವೆಲ್ಲೆಸ್ಲಿಯು ನಾಲ್ಕು ಕುದುರೆ ರೆಜಿಮೆಂಟುಗಳನ್ನು ಒಂದೇ ಸಾಲಾಗಿ ನಿಲ್ಲಿಸಿ, ತಾನೇ ಮುಂದೆ ನಿಂತು ಮೇಲೆಬಿದ್ದನು. ಧೋಂಡಿಯನು ರಣರಂಗದಲ್ಲಿಯೇ ಮಡಿದನು. ಅವನ ಹೆಣವನ್ನು ಫಿರಂಗಿಯ ಬಂಡಿಗೆ ಬಿಗಿದು ಪಾಳೆಯಕ್ಕೆ ತಂದರು. ಸೆರೆಮನೆಯ ಬಾಗಿಲಿನಿಂದ ಅಲ್ಲಿಗೆ ಕೇವಲ 16 ತಿಂಗಳು.

ಆ ದಿನ ಸಾಮಾನುಗಳ ನಡುವೆ ನಾಲ್ಕು ವರ್ಷದ ಒಂದು ಗಂಡುಕೂಸು ಸಿಕ್ಕಿತು. ಅವನೇ ಧೋಂಡಿಯನ ಮಗನಾದ ಸಲಾಬತ್ ಖಾನ. ವೆಲ್ಲೆಸ್ಲಿಯು ಅವನನ್ನು ತನ್ನ ಡೇರೆಗೆ ಕರೆದೊಯ್ದು ಸಾಕಿಸಿದನು. 1805ರಲ್ಲಿ ಸ್ವದೇಶಕ್ಕೆ ಹೊರಟಾಗ ಅವನ ಪೋಷಣೆಗೆಂದು ಹಣವನ್ನು ಇಟ್ಟುಹೋದನು. ಹಗೆಯಲ್ಲಿಯೂ ಕಂಡ ಈ ಗುಣವನ್ನು ಹೇಳದೆ ಬಿಡುವುದು ನಮಗೆ ಧರ್ಮವಲ್ಲ. ಹುಡುಗನು ದೊಡ್ಡವನಾಗಿ ಮೈಸೂರು ಅರಸರ ಸೇವೆಯನ್ನು ಸೇರಿ, 1822ರಲ್ಲಿ ಕಾಲರಾ ಬೇನೆಯಿಂದ ತೀರಿಕೊಂಡನು.