ಸಾಲಿಯ ಲೆಕ್ಕ ಕೇಳಿದ ಡೆಪ್ಯೂಟಿ ಚನ್ನಬಸಪ್ಪನವರು



ಹುಲಜಂತಿಯಿಂದ ಅಕ್ಕಲಕೋಟೆಯವರೆಗೆ ಗಡಿಭಾಗದ ಕನ್ನಡ ಸಾಲಿಗಳನ್ನು ನೆನೆಯುವಾಗ ಮೊದಲು ಸ್ಮರಿಸಬೇಕಾದ ಪುಣ್ಯಾತ್ಮರು ಡೆಪ್ಯೂಟಿ ಚನ್ನಬಸಪ್ಪನವರು.

1834ರಲ್ಲಿ ಧಾರವಾಡದ ಲಿಂಗಾಯತ ಮನೆತನದಲ್ಲಿ ಜನಿಸಿದ ಅವರು ವಿದ್ಯೆಗಾಗಿ ಪುಣೆಯವರೆಗೆ ಹೋದವರು. ಆಗ ಮುಂಬಯಿ ಇಲಾಖೆಯ ಕನ್ನಡ ನಾಡಿನಲ್ಲಿಯೂ ಸರಕಾರಿ ಸಾಲಿಗಳ ಭಾಷೆ ಬಹುಮಟ್ಟಿಗೆ ಮರಾಠಿಯಾಗಿತ್ತು. ಮನೆಯಲ್ಲಿ ಕನ್ನಡವಾಡುವ ಕೂಸಿಗೆ ಪಾಠ ಬಾಯಿಗೆ ಬಂದರೂ ಮನಸ್ಸಿಗೆ ಇಳಿಯುತ್ತಿರಲಿಲ್ಲ. ವಿದ್ಯಾ ಇಲಾಖೆ ಸೇರಿದ ಚನ್ನಬಸಪ್ಪನವರು ಮೇಲಧಿಕಾರಿ ರಸೆಲ್ ಸಾಹೇಬರ ಬೆಂಬಲ ಪಡೆದು ಕನ್ನಡ ಸಾಲಿಗಳನ್ನು ಬೆಳೆಸಿದರು.

ಫಲಕ ಬದಲಿಸಿದರೆ ಸಾಲಿ ಆಗುವುದಿಲ್ಲವೆಂದು ಅವರು ಬಲ್ಲರು. ಶಿಕ್ಷಕರ ತರಬೇತಿ ಸಾಲಿಯ ಮುಖ್ಯಸ್ಥರಾಗಿ ಕನ್ನಡ ಕಲಿಸಬಲ್ಲವರನ್ನು ತಯಾರು ಮಾಡಿದರು.  ಡೆಪ್ಯೂಟಿ ಇನ್ಸ್ಪೆಕ್ಟರರಾಗಿ ಸಾಲಿಗಳ ತಪಾಸಣೆ ನಡೆಸಿದರು. ತಪಾಸಣೆಯೆಂದರೆ ಹಾಜರಿ ಪುಸ್ತಕಕ್ಕೆ ಸಹಿ ಹಾಕುವುದಷ್ಟೇ ಅಲ್ಲ, ಮಗು ಓದಬಲ್ಲದೇ, ಬರೆಯಬಲ್ಲದೇ, ಲೆಕ್ಕ ಮಾಡಬಲ್ಲದೇ ಎಂದು ನೋಡುವುದು. ಆ ಕಾಯಕದಿಂದಲೇ ಹುದ್ದೆಯ ಹೆಸರು ಅವರ ಹೆಸರಿಗೆ ಅಂಟಿತು. 1881ರಲ್ಲಿ, ಐವತ್ತು ತುಂಬುವ ಮೊದಲೇ, ಅವರು ಲಿಂಗೈಕ್ಯರಾದರು.

ಅವರ ಕಾಲದಲ್ಲಿ ರೈತನು ಕಂದಾಯದ ರೂಪಾಯಿಗೆ ಒಂದಾಣೆ ಹೆಚ್ಚಿಗೆ ಕೊಡುತ್ತಿದ್ದನು. ಅದರ ಮೂರನೆಯ ಒಂದು ಪಾಲು ಸಾಲಿಗಳಿಗೆ ಹೋಗುತ್ತಿತ್ತು. ಹಣ ಊರಿನದು, ಲೆಕ್ಕ ಕೇಳುವವರು ಮಾತ್ರ ಅಧಿಕಾರಿಗಳು. 1884ರ ಕಾಯ್ದೆಯಿಂದ ಲೋಕಲ್ ಬೋರ್ಡುಗಳಿಗೆ ಚುನಾಯಿತ ಸದಸ್ಯರು ಬಂದರು. 1923ರ ಪ್ರಾಥಮಿಕ ಶಿಕ್ಷಣ ಕಾಯ್ದೆಯು ಸಾಲಿಗಳ ಆಡಳಿತವನ್ನು ಸ್ಥಳೀಯ ಸಂಸ್ಥೆಗಳ ಸ್ಕೂಲ್ ಬೋರ್ಡುಗಳಿಗೆ ವಹಿಸಿತು. 1962ರಲ್ಲಿ ಮಹಾರಾಷ್ಟ್ರದಲ್ಲಿ ಜಿಲ್ಲಾ ಪರಿಷತ್ತುಗಳು ಬಂದವು. 2009ರ ಶಿಕ್ಷಣ ಹಕ್ಕು ಕಾಯ್ದೆಯು ಆ ಹೊಣೆಯನ್ನು ನಮ್ಮ ಮನೆಬಾಗಿಲಿಗೇ ತಂದಿದೆ. ಸರಕಾರಿ ಸಾಲಿಯ ಆಡಳಿತ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ತಾಯಂದಿರು, ಅಕ್ಕತಂಗಿಯರು ಇರಬೇಕು.

ಅಂದರೆ ಅಂದು ಡೆಪ್ಯೂಟಿಯವರು ಕೇಳಿದ ಪ್ರಶ್ನೆಯನ್ನು ಇಂದು ನಾವೇ ಕೇಳಬೇಕು. ಸಮಿತಿಗೆ ಹೆಸರು ಆರಿಸುವಾಗ ಪಕ್ಷ, ಓಣಿ, ಬೀಗತನ ನೋಡಬೇಡಿರಿ. ಅದು ಮಾಲೆ ಹಾಕಿಸಿಕೊಳ್ಳುವ ಗಾದಿಯಲ್ಲ, ದಾಸೋಹ. ಕನ್ನಡ ಸಾಲಿ ಉಳಿಯಲಿ ಎಂದು ಹಂಬಲಿಸುವ ನಾವು, ನಮ್ಮ ಮಗು ಅಲ್ಲಿ ಕನ್ನಡ ಓದಬಲ್ಲದೇ ಎಂದು ಕೇಳದಿದ್ದರೆ ಆ ಹಂಬಲ ಬರಿ ಮಾತಾದೀತು. ಗುರುಗಳನ್ನು ಗೌರವದಿಂದ ಕಾಣಿರಿ, ಲೆಕ್ಕವನ್ನೂ ವಿನಯದಿಂದ ಕೇಳಿರಿ.