ಗಣಿಯ ಕಸ ಮತ್ತು ಮೇರಿ ಕ್ಯೂರಿ

ಮೇರಿ ಕ್ಯೂರಿ ಅಂದ್ರೆ ನಮಗೆಲ್ಲ ತಟ್ಟನೆ ನೆನಪಾಗೋದು ರೇಡಿಯಂ ಮತ್ತು ಎರಡು ನೊಬೆಲ್. ಆದರೆ ಆ ರೇಡಿಯಂ ಬಂದಿದ್ದು ಗಣಿಯವರು ಬೇಡವೆಂದು ಕಾಡಿಗೆ ಸುರಿದಿದ್ದ ಕಸದಿಂದ!

ಮೇರಿ ಹುಟ್ಟಿದ್ದು 1867ರಲ್ಲಿ, ಪೋಲೆಂಡಿನ ವಾರ್ಸಾದಲ್ಲಿ. ಅಲ್ಲಿನ ವಿಶ್ವವಿದ್ಯಾಲಯಕ್ಕೆ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಮನೆಪಾಠ ಹೇಳಿ, ಮೊದಲು ಅಕ್ಕನ ಓದಿಗೆ ದುಡ್ಡು ಕಳಿಸಿ, ಕೊನೆಗೆ 1891ರಲ್ಲಿ ತಾವೂ ಪ್ಯಾರಿಸ್ ಸೇರಿದರು. 1895ರಲ್ಲಿ ಪಿಯರ್ ಕ್ಯೂರಿ ಜೊತೆ ಮದುವೆಯಾಯಿತು.

ಪಿಚ್‌ಬ್ಲೆಂಡ್ ಎಂಬ ಯುರೇನಿಯಂ ಅದಿರನ್ನು ಅಳೆದಾಗ ಮೇರಿಗೆ ಲೆಕ್ಕ ತಾಳೆಯಾಗಲಿಲ್ಲ. ಅದರೊಳಗಿನ ಯುರೇನಿಯಂಗೆ ಹೋಲಿಸಿದರೆ ವಿಕಿರಣ ತುಂಬಾ ಜಾಸ್ತಿ. ಹಾಗಾದ್ರೆ ಒಳಗೆ ಬೇರೇನೋ ಇರಬೇಕಲ್ವಾ? 1898ರಲ್ಲಿ ದಂಪತಿ ಪೊಲೋನಿಯಂ ಮತ್ತು ರೇಡಿಯಂ ಇರುವಿಕೆಯನ್ನು ಪ್ರಕಟಿಸಿದರು. ಬೇರ್ಪಡಿಸಿ ತೋರಿಸಲು ಟನ್‌ಗಟ್ಟಲೆ ಅದಿರು ಬೇಕಿತ್ತು, ಕೈಯಲ್ಲಿ ಕಾಸಿರಲಿಲ್ಲ.

ಆಗ ನೆರವಾಗಿದ್ದು ಬೊಹೀಮಿಯಾದ ಯೋಆಕಿಮ್ಸ್‌ಟಾಲ್, ಅಂದರೆ ಇಂದಿನ ಜೆಕ್ ದೇಶದ ಯಾಖಿಮೋವ್. ಅಲ್ಲಿ ಗಾಜಿನ ಬಣ್ಣಕ್ಕಾಗಿ ಯುರೇನಿಯಂ ತೆಗೆದು, ಉಳಿದ ಕಂದು ಪುಡಿಯನ್ನು ಪೈನ್ ಕಾಡಲ್ಲಿ ಸುರಿಯುತ್ತಿದ್ದರು. ಪ್ಯಾರಿಸ್‌ಗೆ ಬಂದ ಮೂಟೆಗಳಲ್ಲಿ ಪೈನ್ ಎಲೆಗಳೂ ಇದ್ದವು. ಸೋರುವ ಶೆಡ್ಡಿನಲ್ಲಿ ಅದನ್ನು ಕುದಿಸಿ, ಸೋಸಿ, ಹರಳುಗಟ್ಟಿಸಿ, 1902ರ ಹೊತ್ತಿಗೆ ಸಿಕ್ಕಿದ್ದು ಒಂದು ಗ್ರಾಮಿನ ಹತ್ತನೇ ಒಂದು ಭಾಗ ರೇಡಿಯಂ ಕ್ಲೋರೈಡ್.

ಇಲ್ಲೇ ನಾವು ಗಮನಿಸಬೇಕಾದದ್ದಿದೆ. ಯುರೇನಿಯಂ ತೆಗೆದರೂ ರೇಡಿಯಂ ಕಸದಲ್ಲೇ ಉಳಿಯುತ್ತದೆ. ಅದರ ಅರ್ಧಾಯುಷ್ಯ ಸುಮಾರು 1600 ವರ್ಷ. ಅದು ಕ್ಷಯಿಸುತ್ತಾ ರೇಡಾನ್ ಅನಿಲವಾಗುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಮಣ್ಣಿನ ಸಂದುಗಳಿಂದ ಮೇಲೇರಿ, ಗಾಳಿಯಾಡದ ಸುರಂಗ, ಕೋಣೆಗಳಲ್ಲಿ ತುಂಬಿಕೊಳ್ಳುತ್ತದೆ. ರೇಡಾನ್ ಒಡೆದು ಹುಟ್ಟುವ ಕಣಗಳು ಶ್ವಾಸಕೋಶಕ್ಕೆ ಅಂಟಿ, ಆಲ್ಫಾ ವಿಕಿರಣದಿಂದ ಜೀವಕೋಶಗಳನ್ನು ಹಾಳುಮಾಡುತ್ತವೆ. ಆ ಬೆಟ್ಟಸಾಲಿನ ಗಣಿ ಕಾರ್ಮಿಕರು ಶತಮಾನಗಳಿಂದ ಎದೆರೋಗದಿಂದ ಸಾಯುತ್ತಿದ್ದರು. ಅದು ಶ್ವಾಸಕೋಶದ ಗೆಡ್ಡೆ ಎಂದು 1879ರಲ್ಲಿ ವೈದ್ಯರು ಗುರುತಿಸಿದರೂ, ರೇಡಾನ್‌ನ ಕೈವಾಡ ತಿಳಿದದ್ದು ಬಹಳ ತಡವಾಗಿ.

ಮೇರಿ ಕೂಡ ಬೆರಳು ಸುಟ್ಟುಕೊಂಡೇ ಕೆಲಸ ಮಾಡಿದರು. ಮಹಾಯುದ್ಧದಲ್ಲಿ ಎಕ್ಸ್‌ರೇ ಗಾಡಿಗಳನ್ನು ಕಟ್ಟಿ ಗಾಯಾಳುಗಳ ಬಳಿಗೆ ಒಯ್ದರು. 1934ರಲ್ಲಿ, ಮೂಳೆಮಜ್ಜೆ ರಕ್ತ ತಯಾರಿಸದಂತಾಗುವ ಕಾಯಿಲೆಯಿಂದ ತೀರಿಕೊಂಡರು. ಅವರ ನೋಟ್‌ಬುಕ್ಕುಗಳು ಇವತ್ತಿಗೂ ಸೀಸದ ಪೆಟ್ಟಿಗೆಯಲ್ಲಿವೆ.

ನೋಟ್‌ಬುಕ್ಕಿಗೆ ಪೆಟ್ಟಿಗೆ ಸಿಕ್ಕಿತು. ಯಾಖಿಮೋವ್‌ನಲ್ಲಿ ಗಣಿಯ ಕಸ ಮನೆ ಕಟ್ಟುವುದಕ್ಕೂ ಬಳಕೆಯಾಯಿತು. ಆ ಮನೆಗಳೊಳಗೆ ರೇಡಾನ್ ತುಂಬಿಕೊಂಡಿತು. ನಾಳೆ ಸೈಟಿನಲ್ಲಿ ನಿಂತಾಗ, ಈ ಮಣ್ಣು ಎಲ್ಲಿಂದ ಬಂತು, ಅಳೆದು ನೋಡಿದ್ದೀರಾ ಅಂತ ಕೇಳಬೇಕಾದವರು ನಾವೇ.